ಫ್ಲಾಸ್ಕಿಗೂ ರಿಯಾಕ್ಟರಿಗೂ ನಡುವಿನ ಕೆಲಸ, ಮತ್ತು ಅದರ ಸಂಬಳ

ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿದವರನ್ನು ಮುಂದೇನು ಎಂದು ಕೇಳಿ ನೋಡಿ. ಬರುವ ಉತ್ತರ ಸಾಮಾನ್ಯವಾಗಿ ಎರಡೇ: ಕ್ಯೂಸಿ (ಗುಣಮಟ್ಟದ ಪರೀಕ್ಷೆ), ಇಲ್ಲವೇ ಪ್ರೊಡಕ್ಷನ್. ಆಸೆ ಸ್ವಲ್ಪ ಹೆಚ್ಚಿದ್ದವರು ಆರ್‌ಅಂಡ್‌ಡಿ ಎನ್ನುತ್ತಾರೆ, ಹಾಗೆಂದರೆ ಹೊಸ ಔಷಧಿ ಕಂಡುಹಿಡಿಯುವುದು ಎಂದುಕೊಂಡು. ಈ ಮೂರರ ಮಧ್ಯೆ ಇನ್ನೊಂದು ಕೆಲಸವಿದೆ. ಪ್ರಯೋಗಾಲಯದಲ್ಲಿ 10 ಗ್ರಾಂ ಮಾಡಿದ್ದನ್ನು ಕಾರ್ಖಾನೆಯಲ್ಲಿ 300 ಕಿಲೋ ಮಾಡುವಂತೆ, ಪ್ರತಿ ಸಲವೂ ಅದೇ ಗುಣಮಟ್ಟ ಬರುವಂತೆ, ಖರ್ಚು ಗಿಟ್ಟುವಂತೆ, ಯಾರೂ ಸುಟ್ಟುಕೊಳ್ಳದಂತೆ ದಾರಿ ಹಾಕಿಕೊಡುವ ಕೆಲಸ. ಇದಕ್ಕೇ ಪ್ರೊಸೆಸ್ ಡೆವಲಪ್‌ಮೆಂಟ್ ಎನ್ನುವುದು. ಕಂಪನಿಗಳಲ್ಲಿ ಪ್ರೊಸೆಸ್ ಆರ್‌ಅಂಡ್‌ಡಿ ಎಂದೂ ಕರೆಯುತ್ತಾರೆ.

ನಮ್ಮ ಭಾಗದವರಿಗೆ ಈ ಕೆಲಸ ದೂರದ್ದಲ್ಲ. ಹುಮನಾಬಾದ್ ಕೈಗಾರಿಕಾ ಪ್ರದೇಶದಲ್ಲಿ, ಬೀದರಿನ ಕೊಳಾರದಲ್ಲಿ, ಯಾದಗಿರಿಯ ಕಡೇಚೂರು-ಬಾಡಿಯಾಳದಲ್ಲಿ ಔಷಧಿಯ ಮೂಲವಸ್ತು ಮತ್ತು ರಾಸಾಯನಿಕ ತಯಾರಿಸುವ ಘಟಕಗಳಿವೆ. ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪೂರ್ವಕ್ಕೆ ಹೋದರೆ ಜಹೀರಾಬಾದ್ ದಾಟಿ ಪಟಾನ್‌ಚೆರುವಿನ ತನಕ ಇದೇ ಉದ್ಯಮ. ತೊಂದರೆ ಏನೆಂದರೆ, ಡೆವಲಪ್‌ಮೆಂಟ್ ಲ್ಯಾಬುಗಳು ಬಹುಪಾಲು ಹೈದರಾಬಾದಿನಲ್ಲಿ, ರಿಯಾಕ್ಟರುಗಳು, ಅಂದರೆ ಪ್ರತಿಕ್ರಿಯೆ ನಡೆಸುವ ದೊಡ್ಡ ಪಾತ್ರೆಗಳು, ನಮ್ಮಲ್ಲಿ. ದಾರಿ ಹಾಕುವವರು ಅಲ್ಲಿ, ಆ ದಾರಿಯಲ್ಲಿ ನಡೆದು ಎಡವುವವರು ಇಲ್ಲಿ. ಎರಡು ಕಡೆಯ ಸಂಬಳದ ಅಂತರಕ್ಕೂ ಅರ್ಧ ಕಾರಣ ಇದೇ.

ಎಡವುವುದು ಎಲ್ಲಿ ಎಂಬುದು ಗೊತ್ತಾದರೆ ಈ ಕೆಲಸದ ಬೆಲೆಯೂ ಗೊತ್ತಾಗುತ್ತದೆ. ಮೊದಲನೆಯದು ಶಾಖ. ಒಂದೇ ಆಕಾರದ ಪಾತ್ರೆಯನ್ನು 1 ಲೀಟರಿನಿಂದ 1,000 ಲೀಟರಿಗೆ ಹಿಗ್ಗಿಸಿದರೆ ಅದರ ಉದ್ದಗಲ 10 ಪಟ್ಟಾಗುತ್ತದೆ, ಮೇಲ್ಮೈ 100 ಪಟ್ಟು, ಒಳಗಿನ ದ್ರವ 1,000 ಪಟ್ಟು. ಅಂದರೆ ಪ್ರತಿ ಲೀಟರಿಗೆ ಸಿಗುವ ತಂಪು ಮಾಡುವ ಮೇಲ್ಮೈ ಹತ್ತನೇ ಒಂದು ಪಾಲಿಗೆ ಇಳಿಯಿತು. ಫ್ಲಾಸ್ಕನ್ನು ಐಸಿನಲ್ಲಿಟ್ಟು 10 ನಿಮಿಷದಲ್ಲಿ ಸುರಿದ ರೀಏಜೆಂಟನ್ನು (ಪ್ರತಿಕ್ರಿಯೆಗೆ ಸೇರಿಸುವ ರಾಸಾಯನಿಕ) ರಿಯಾಕ್ಟರಿನಲ್ಲಿ 3 ಗಂಟೆ ಹನಿಸಬೇಕಾಗುತ್ತದೆ. ಆ 3 ಗಂಟೆಯಲ್ಲಿ ಮೊದಲು ಬಿದ್ದದ್ದು ಪ್ರತಿಕ್ರಿಯಿಸಿ ಉತ್ಪನ್ನವಾಗಿ, ಆ ಉತ್ಪನ್ನ ಆಮೇಲೆ ಬೀಳುವ ರೀಏಜೆಂಟಿನ ಜೊತೆ ಮತ್ತೊಂದು ಸುತ್ತು ಪ್ರತಿಕ್ರಿಯೆಗೆ ಇಳಿಯಬಹುದು. ಲ್ಯಾಬಿನಲ್ಲಿ ಕಾಣದ ಇಂಪ್ಯೂರಿಟಿ, ಅಂದರೆ ಬೇಡದ ಕಲ್ಮಶ, ಪ್ಲಾಂಟಿನಲ್ಲಿ ಹುಟ್ಟುವುದು ಹೀಗೆ. ಆದ್ದರಿಂದ ಬಲ್ಲವರು ಲ್ಯಾಬಿನಲ್ಲೇ 3 ಗಂಟೆ, 6 ಗಂಟೆ ಹನಿಸಿ ನೋಡಿರುತ್ತಾರೆ.

ಸುರಕ್ಷತೆಯ ಲೆಕ್ಕವೂ ಇಲ್ಲೇ ಬರುತ್ತದೆ. ಪ್ರತಿಕ್ರಿಯೆ ಮೋಲಿಗೆ 100 ಕಿಲೋಜೂಲ್ ಶಾಖ ಬಿಡುತ್ತದೆ, ಕಿಲೋ ದ್ರವದಲ್ಲಿ 1 ಮೋಲ್ ಇದೆ, ಆ ದ್ರವದ ಉಷ್ಣ ಧಾರಣೆ ಕಿಲೋಗೆ ಪ್ರತಿ ಡಿಗ್ರಿಗೆ 2 ಕಿಲೋಜೂಲ್ ಎಂದುಕೊಳ್ಳಿ. ಕೂಲಿಂಗ್ ಪೂರ್ತಿ ಕೈಕೊಟ್ಟರೆ ಉಷ್ಣತೆ 50 ಡಿಗ್ರಿ ಏರುತ್ತದೆ. 30 ಡಿಗ್ರಿಯಲ್ಲಿ ಶುರುವಾದದ್ದು 80ಕ್ಕೆ. ದ್ರಾವಕ ಡೈಕ್ಲೋರೋಮೀಥೇನ್ ಆಗಿದ್ದರೆ ಅದು 40ರಲ್ಲೇ ಕುದಿಯುತ್ತದೆ. ರಾತ್ರಿ ಪಾಳಿಯಲ್ಲಿ ಕರೆಂಟ್ ಹೋದಾಗ ಒಳಗೆ ಎಷ್ಟು ರೀಏಜೆಂಟ್ ಪ್ರತಿಕ್ರಿಯಿಸದೆ ಕೂತಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವನೇ ನಿಜವಾದ ಡೆವಲಪ್‌ಮೆಂಟ್ ಕೆಮಿಸ್ಟ್. ಯೀಲ್ಡ್, ಅಂದರೆ ಕೈಗೆ ಬಂದ ಸರಕು, ಎಷ್ಟು ಎಂಬುದಕ್ಕೆ ಉತ್ತರ ಯಾರಾದರೂ ಕೊಡುತ್ತಾರೆ.

ಬೇಸಿಗೆಯ ವಿಷಯ ಬೇರೆಯೇ ಹೇಳಬೇಕು. ಎಸಿ ಇರುವ ಲ್ಯಾಬಿನಿಂದ ಬರುವ ದಾಖಲೆಯಲ್ಲಿ ‘ಆರ್‌ಟಿಯಲ್ಲಿ 12 ಗಂಟೆ ಕಲಕಿ’ ಎಂದಿರುತ್ತದೆ. ರೂಮ್ ಟೆಂಪರೇಚರ್ ಎಂದರೆ ಅಲ್ಲಿ 25 ಡಿಗ್ರಿ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಮಧ್ಯಾಹ್ನ 42 ದಾಟುತ್ತದೆ. ತಗಡಿನ ಶೆಡ್ಡಿನ ಒಳಗೆ ಇನ್ನೂ ಮೇಲೆ. ಡಿಸೆಂಬರಿನ ಬ್ಯಾಚ್ ಸರಿಹೋಗಿ ಮೇ ತಿಂಗಳ ಬ್ಯಾಚ್ ಫೇಲಾದರೆ ಬೈಗಳು ಆಪರೇಟರಿಗೆ. ತಪ್ಪು ಮಾತ್ರ ಆ ಎರಡಕ್ಷರದ್ದು. ಪ್ಲಾಂಟಿಗೆ ಹೋಗುವ ಹಾಳೆಯಲ್ಲಿ ಆರ್‌ಟಿ ಇರಲೇಬಾರದು, ‘22ರಿಂದ 28 ಡಿಗ್ರಿ’ ಎಂದಿರಬೇಕು. ಆ ಎರಡು ಅಂಕೆ ಬರೆಯಲು ಎರಡೂ ತುದಿಯಲ್ಲಿ ಪ್ರಯೋಗ ಮಾಡಿರಬೇಕು.

ಎರಡನೆಯದು ಕಾಲ. ಲ್ಯಾಬಿನಲ್ಲಿ ದ್ರಾವಕ ಆವಿ ಮಾಡುವ ರೋಟಾವೇಪರಿನ ಮೇಲೆ 20 ನಿಮಿಷದಲ್ಲಿ ಹೋಗುವ ಟಾಲ್ಯೂಯೀನ್ ಎಂಬ ದ್ರಾವಕ ಪ್ಲಾಂಟಿನಲ್ಲಿ 8 ಗಂಟೆ, ಕೆಲವೊಮ್ಮೆ 12 ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಉತ್ಪನ್ನ ಬಿಸಿಯಲ್ಲಿ ಕೂತರೆ ಕೆಡುತ್ತದೆಯೇ? ಇದನ್ನು ತಿಳಿಯಲು ದುಬಾರಿ ಯಂತ್ರ ಬೇಡ. ಪ್ರತಿಕ್ರಿಯೆ ಮುಗಿದ ದ್ರವವನ್ನು 60 ಡಿಗ್ರಿಯಲ್ಲಿ 24 ಗಂಟೆ ಇಟ್ಟು, 4, 8, 12, 24ನೇ ಗಂಟೆಗೆ ಶುದ್ಧತೆ ಅಳೆಯುವ ಎಚ್‌ಪಿಎಲ್‌ಸಿ ಹಾಕಿದರೆ ಸಾಕು. ಈ ಹೋಲ್ಡ್ ಸ್ಟಡಿ ಮಾಡದ ಒಂದೇ ಕಾರಣಕ್ಕೆ ಹಾಳಾಗುವ ಬ್ಯಾಚುಗಳು ಎಷ್ಟೋ. ಫಿಲ್ಟರಿನದೂ ಕಾಲದ್ದೇ ಕತೆ. ಒತ್ತಡ ಅಷ್ಟೇ ಇದ್ದು ಕೇಕಿನ, ಅಂದರೆ ಬಟ್ಟೆಯ ಮೇಲೆ ಕೂರುವ ಗಟ್ಟಿ ಪದರದ, ದಪ್ಪ ಎರಡು ಪಟ್ಟಾದರೆ ಸೋಸುವ ಸಮಯ ಎರಡಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಸೂಜಿಯಂಥ ಸಣ್ಣ ಹರಳು ಬಂದರೆ ಸೆಂಟ್ರಿಫ್ಯೂಜಿನ (ತಿರುಗಿಸಿ ಸೋಸುವ ಯಂತ್ರ) ಬಟ್ಟೆ ಕಟ್ಟಿಕೊಂಡು ಇಡೀ ಪಾಳಿ ಅಲ್ಲೇ ನಿಲ್ಲುತ್ತದೆ. ಕಲಕುವ ವೇಗ, ತಣಿಸುವ ವೇಗ, ಸರಿಯಾದ ಉಷ್ಣತೆಯಲ್ಲಿ ಹಾಕುವ ಶೇ. 1ರಷ್ಟು ಬೀಜದ ಹರಳು, ಇವುಗಳಿಂದ ಸರಿಹೋಗುವ ತೊಂದರೆಗೆ ಹೊಸ ಫಿಲ್ಟರ್ ಕೊಳ್ಳುವ ಮಾತು ಬರುತ್ತದೆ.

ಮೂರನೆಯದು ಇಂಪ್ಯೂರಿಟಿ. ದಿನಕ್ಕೆ 2 ಗ್ರಾಂವರೆಗಿನ ಡೋಸಿನ ಔಷಧಿಯಲ್ಲಿ ಒಂದು ಇಂಪ್ಯೂರಿಟಿ ಶೇ. 0.10 ಅಥವಾ ದಿನಕ್ಕೆ 1 ಮಿಲಿಗ್ರಾಂ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಿದರೆ ಅದೇನೆಂದು ಗುರುತಿಸಬೇಕು ಎನ್ನುತ್ತದೆ ಔಷಧಿ ಗುಣಮಟ್ಟದ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ ಕ್ಯೂ3ಎ ಮಾರ್ಗಸೂಚಿ. ಉಳಿಕೆ ದ್ರಾವಕಕ್ಕೆ ಕ್ಯೂ3ಸಿ ಇದೆ: ಮೆಥನಾಲ್ 3,000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಟಾಲ್ಯೂಯೀನ್ 890, ಡೈಕ್ಲೋರೋಮೀಥೇನ್ 600. ಈ ಅಂಕೆ ಬಾಯಿಪಾಠ ಮಾಡಿದವರು ಸಾವಿರ ಜನ. ಇಂಪ್ಯೂರಿಟಿ ಯಾವ ಹಂತದಲ್ಲಿ ಹುಟ್ಟುತ್ತದೆ, ಯಾವ ಹಂತದಲ್ಲಿ ತೊಳೆದುಹೋಗುತ್ತದೆ ಎಂದು ಹೇಳಬಲ್ಲವರು ಕಡಿಮೆ. ಅದಕ್ಕೆ ಸ್ಪೈಕಿಂಗ್ ಮಾಡಬೇಕು. ಬೇಕೆಂದೇ ಶೇ. 0.5, 1.0 ಇಂಪ್ಯೂರಿಟಿ ಬೆರೆಸಿ, ಹರಳಾದ ಮೇಲೆ ಎಷ್ಟು ಉಳಿಯಿತು, ಮದರ್ ಲಿಕರಿಗೆ (ಹರಳು ಸೋಸಿದ ಮೇಲೆ ಉಳಿಯುವ ದ್ರವ) ಎಷ್ಟು ಹೋಯಿತು ಎಂದು ಅಳೆಯುವುದು. ಸಂದರ್ಶನದಲ್ಲಿ ಈ ಒಂದು ವಾಕ್ಯ ಅಂಕೆ ಸಮೇತ ಹೇಳಿದರೆ ಎದುರಿನವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಈಗ ದುಡ್ಡಿನ ವಿಷಯ. ಸಂಬಳ ಕೇಳುವಾಗ ನಮ್ಮವರು ಹಿಡಿಯುವ ಆಧಾರ ವರ್ಷಗಳದ್ದು: ‘ನಾಲ್ಕ್ ವರ್ಷ ಆಗ್ಯದ್ರಿ ಸರ, ಏನರೆ ನೋಡ್ರಿ.’ ಇದು ಕೇಳುವುದಲ್ಲ, ಬೇಡುವುದು. ವರ್ಷಕ್ಕೆ ಕಂಪನಿಯ ಬಳಿ ಒಂದು ಸಿದ್ಧ ಶೇಕಡಾ ಇರುತ್ತದೆ, ಅದನ್ನೇ ಕೊಡುತ್ತದೆ. ಕೆಲಸವನ್ನು ಕಿಲೋಗೆ ಇಷ್ಟು ರೂಪಾಯಿ ಎಂದು ಹೇಳಲು ಬರುವವನ ಜೊತೆ ಮಾತು ಬೇರೆ ಥರ ನಡೆಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ, ಅಂಕೆಗಳು ಉದಾಹರಣೆಗೆ ಮಾತ್ರ. ಕೊನೆಯ ಹಂತದಲ್ಲಿ 1 ಕಿಲೋ ಕಚ್ಚಾವಸ್ತುವಿಗೆ 0.80 ಕಿಲೋ ಸರಕು ಬರುತ್ತಿತ್ತು, ಈಗ 0.88 ಬರುತ್ತದೆ. ಕಿಲೋ ಸರಕಿಗೆ ಬೇಕಾದ ಕಚ್ಚಾವಸ್ತು 1.25 ಕಿಲೋದಿಂದ 1.136ಕ್ಕೆ ಇಳಿಯಿತು. ಅದರ ದರ ಕಿಲೋಗೆ 6,000 ರೂಪಾಯಿ ಇದ್ದರೆ ಕಿಲೋಗೆ ಸುಮಾರು 680 ರೂಪಾಯಿ ಉಳಿತಾಯ. ವರ್ಷಕ್ಕೆ 20 ಟನ್ ಮಾಡಿದರೆ 1.36 ಕೋಟಿ. ಇದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ದ್ರಾವಕದ ಪ್ರಮಾಣವನ್ನು ಹೆಚ್ಚಿನವರು ಮರೆಯುತ್ತಾರೆ. 12 ವಾಲ್ಯೂಮ್, ಅಂದರೆ ಕಿಲೋಗೆ 12 ಲೀಟರ್ ಹಾಕುತ್ತಿದ್ದ ಕಡೆ 8 ಸಾಕು ಎಂದು ತೋರಿಸಿದಿರಿ ಅನ್ನಿ. 5,000 ಲೀಟರಿನ ರಿಯಾಕ್ಟರಿನಲ್ಲಿ 4,000 ಲೀಟರ್ ತುಂಬಬಹುದು. ಕಚ್ಚಾವಸ್ತುವಿನದೂ ಒಂದು ಲೀಟರ್ ಸೇರಿಸಿದರೆ ಮೊದಲು ಬ್ಯಾಚಿಗೆ 4,000 ಭಾಗಿಸು 13, ಅಂದರೆ 307 ಕಿಲೋ. ಈಗ 4,000 ಭಾಗಿಸು 9, ಅಂದರೆ 444 ಕಿಲೋ. ಕಿಲೋ ಕಚ್ಚಾವಸ್ತುವಿಗೆ 0.88 ಕಿಲೋ ಸರಕಿನಂತೆ ಅದೇ 20 ಟನ್ನಿಗೆ 75 ಬ್ಯಾಚ್ ಬೇಕಿದ್ದ ಕಡೆ 52 ಸಾಕು. ಉಳಿದ 23 ಬ್ಯಾಚಿನ ಹಬೆ, ಕರೆಂಟು, ಕೂಲಿ, ಕ್ಲೀನಿಂಗ್ ಎಲ್ಲ ಉಳಿಯಿತು, ರಿಯಾಕ್ಟರ್ ಬೇರೆ ಸರಕಿಗೆ ಖಾಲಿಯಾಯಿತು. ಯೀಲ್ಡ್ ಒಂದಿಷ್ಟೂ ಏರದಿದ್ದರೂ ಇದು ದೊಡ್ಡ ಲಾಭ.

ದ್ರಾವಕ ಕಡಿಮೆಯಾದರೆ ಊರಿಗೂ ಲಾಭವಿದೆ. ಕಡೇಚೂರು ಸುತ್ತಲಿನ ಹಳ್ಳಿಗಳವರು ಕಾರ್ಖಾನೆಗಳ ದುರ್ವಾಸನೆಯ ಬಗ್ಗೆ ದೂರುತ್ತಲೇ ಬಂದಿದ್ದಾರೆ. ಯಾವ ದ್ರಾವಕ ಬಳಸಬೇಕು, ಅದು ಮರಳಿ ಶುದ್ಧವಾಗಿ ಸಿಗುತ್ತದೆಯೇ, ನೀರಿನ ಜೊತೆ ಬೆರೆತು ಇಟಿಪಿಗೆ (ಕೊಳೆನೀರು ಶುದ್ಧೀಕರಣ ಘಟಕ) ಎಷ್ಟು ಹೋಗುತ್ತದೆ, ಇವೆಲ್ಲ ನಿರ್ಧಾರವಾಗುವುದು ಡೆವಲಪ್‌ಮೆಂಟ್ ಲ್ಯಾಬಿನ ಮೇಜಿನ ಮೇಲೆ. ಪ್ಲಾಂಟ್ ಕಟ್ಟಿದ ಮೇಲೆ ಚಿಮಣಿ ಎತ್ತರಿಸಿ ಸರಿಪಡಿಸುವ ವಿಷಯ ಅಲ್ಲ ಅದು.

ಲೆಕ್ಕ ಹೇಳುವಾಗ ಎರಡು ಎಚ್ಚರ. ಉಳಿಸಿದ ಕೋಟಿಯಲ್ಲಿ ಪಾಲು ಕೇಳಲು ಹೋಗಬೇಡಿ, ಅದು ತಂಡದ ಕೆಲಸ, ಕಂಪನಿಯ ಬಂಡವಾಳ. ನಿಮ್ಮ ಕೈಯಿಂದ ಆದದ್ದು ಯಾವುದು, ಯಾವ ಪ್ರಯೋಗ ನಿಮ್ಮದು ಎಂದು ಹೇಳಿದರೆ ಸಾಕು. ಇನ್ನೊಂದು, ಬೇರೆ ಕಂಪನಿಯ ಸಂದರ್ಶನದಲ್ಲಿ ಸರಕಿನ ಹೆಸರು, ಗಿರಾಕಿಯ ಹೆಸರು, ರೂಟ್ (ತಯಾರಿಸುವ ದಾರಿ) ಬಾಯಿಬಿಡಬಾರದು. ‘ನಾಲ್ಕು ಹಂತದ ಪ್ರಕ್ರಿಯೆ, ಮೂರನೇ ಹಂತ ಹೈಡ್ರೋಜನೇಷನ್, ದ್ರಾವಕ ಮೂರನೇ ಒಂದರಷ್ಟು ಕಡಿಮೆ ಮಾಡಿದೆವು, ಎರಡು ಹಂತವನ್ನು ನಡುವೆ ಒಣಗಿಸದೆ ಮುಂದುವರಿಸಿದೆವು’ ಎಂದರೆ ಬಲ್ಲವರಿಗೆ ಅರ್ಥವಾಗುತ್ತದೆ. ಗುಟ್ಟು ಉಗುಳುವವರನ್ನು ಸಂದರ್ಶಕರು ಆಸಕ್ತಿಯಿಂದ ಕೇಳುತ್ತಾರೆ, ಕೆಲಸಕ್ಕೆ ಮಾತ್ರ ತೆಗೆದುಕೊಳ್ಳುವುದಿಲ್ಲ.

ಆಫರ್ ಬಂದ ಮೇಲೆ ನೋಡಬೇಕಾದ್ದು ಸಿಟಿಸಿಯಲ್ಲ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು), ಕೈಗೆ ಬರುವುದು. ವರ್ಷಕ್ಕೆ 3.6 ಲಕ್ಷ ಎಂದರೆ ತಿಂಗಳಿಗೆ 30,000 ಎಂದು ಮನೆಯವರಿಗೆ ಹೇಳಿಬಿಡುತ್ತಾರೆ. ಬೇಸಿಕ್ 15,000 ಇದ್ದರೆ ಅದರ ಶೇ. 12, ಅಂದರೆ 1,800 ರೂಪಾಯಿ ಕಂಪನಿ ಕಟ್ಟುವ ಪಿಎಫ್, ಅದೂ ಸಿಟಿಸಿಯ ಒಳಗೇ. ಗ್ರ್ಯಾಚುಟಿ ಎಂದು ಶೇ. 4.81, ಸುಮಾರು 721 ರೂಪಾಯಿ. ವರ್ಷದ ಕೊನೆಗೆ ‘ಸಾಧನೆ ನೋಡಿ’ ಕೊಡುವ ವೇರಿಯಬಲ್ 2,500 ಎಂದಿಟ್ಟುಕೊಳ್ಳಿ. ಉಳಿದ ಗ್ರಾಸ್ 24,979. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಕಳೆದರೆ 23,179. ಕ್ಯಾಂಟೀನ್, ಬಸ್ಸು ಕಡಿತವಿದ್ದರೆ ಇನ್ನೂ ಕಡಿಮೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲ ಕಾಗದದ ಮೇಲೇ ಇರುತ್ತದೆ. ಸಹಿ ಹಾಕುವ ಮೊದಲು ಬ್ರೇಕಪ್ ಹಾಳೆ ಕೇಳಿ ತರಿಸಿಕೊಳ್ಳುವುದು ನಮ್ಮ ಕೆಲಸ. ವೇರಿಯಬಲ್ ಇದ್ದರೆ ಕಳೆದ ವರ್ಷ ಅದೇ ಹುದ್ದೆಯವರಿಗೆ ಎಷ್ಟು ಬಂತು ಎಂದೂ ಕೇಳಬೇಕು.

ಬೇಸಿಕ್ ತೀರ ಕಡಿಮೆ ಇಟ್ಟು ಭತ್ಯೆಗಳಲ್ಲಿ ಸಂಬಳ ತುಂಬಿಸುವ ರೂಢಿಗೆ ಈಗ ಕಾನೂನಿನ ತಡೆ ಬಂದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಗ್ರ್ಯಾಚುಟಿಗೆ ಸಾಮಾನ್ಯವಾಗಿ 5 ವರ್ಷ ಸೇವೆ ಬೇಕು. ನಿಗದಿತ ಅವಧಿಯ ಗುತ್ತಿಗೆಯಲ್ಲಿರುವವರಿಗೆ 1 ವರ್ಷವಾದರೆ ಸಾಕು ಎಂದಿದೆ. ನಮ್ಮ ಕಡೆ ಎಷ್ಟೋ ಕೆಮಿಸ್ಟರು ಮೂರನೆಯವರ ಪೇರೋಲಿನಲ್ಲಿ ಇರುವುದರಿಂದ, ತಮ್ಮ ಕಾಗದ ಯಾವ ಬಗೆಯದು ಎಂದು ಓದಿ ನೋಡುವುದು ಒಳ್ಳೆಯದು.

ಇಎಸ್‌ಐ ಬಗ್ಗೆ ಒಂದು ಮಾತು. ನೌಕರರ ಈ ಸರಕಾರಿ ಆರೋಗ್ಯ ವಿಮೆ ತಿಂಗಳ ವೇತನ 21,000 ರೂಪಾಯಿವರೆಗೆ ಇದ್ದವರಿಗೆ ಅನ್ವಯ, ನೌಕರನದು ಶೇ. 0.75, ಕಂಪನಿಯದು ಶೇ. 3.25. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಇರುವುದರಿಂದ ನಮ್ಮವರಿಗೆ ಇದು ಕಾಗದದ ಸೌಲಭ್ಯ ಅಲ್ಲ. 20,500 ಇದ್ದ ಸಂಬಳ 21,500 ಆದರೆ ಆ ಆರು ತಿಂಗಳ ಕಾಣಿಕೆ ಅವಧಿ ಮುಗಿದ ಮೇಲೆ ಇಎಸ್‌ಐ ನಿಲ್ಲುತ್ತದೆ. ಸಾವಿರ ರೂಪಾಯಿ ಏರಿಕೆಗೆ ಒಪ್ಪುವ ಮುಂಚೆ, ಬದಲಿಗೆ ತಂದೆ-ತಾಯಿಗೂ ಸೇರಿ ಗುಂಪು ವಿಮೆ ಇದೆಯೇ ಎಂದು ಕೇಳಿ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಪಾಳಿಯದು. ಲ್ಯಾಬಿನವರನ್ನು ಸ್ಕೇಲ್-ಅಪ್ ಸಮಯದಲ್ಲಿ ಪ್ಲಾಂಟಿಗೆ ಕಳಿಸುತ್ತಾರೆ, ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ 12 ಗಂಟೆಯ ಪಾಳಿ ವಾರಕ್ಕೆ 6 ದಿನ ನಡೆದರೆ 72 ಗಂಟೆ, ಕಾನೂನಿನ ಮಿತಿ 48. ಹೆಚ್ಚಿನ 24 ಗಂಟೆ ವಾರಕ್ಕೆ, ವರ್ಷದ 52 ವಾರವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 104. ತಿಂಗಳ ವೇತನ 18,000 ಇದ್ದವರಿಗೆ 26 ದಿನ, 8 ಗಂಟೆಯಂತೆ ಗಂಟೆಗೆ 86.50 ಬೀಳುತ್ತದೆ. ಓವರ್‌ಟೈಮ್ ದರ ಅದರ ಎರಡುಪಟ್ಟು, 173. 104 ಗಂಟೆಗೆ 18,000. ಅಂದರೆ ವಾರಕ್ಕೆ 6 ದಿನ 12 ಗಂಟೆ ದುಡಿಯುವವನ ಓವರ್‌ಟೈಮೇ ಒಂದು ಪೂರ್ತಿ ಸಂಬಳಕ್ಕೆ ಸಮ, ಸಂಬಳ ಎಷ್ಟೇ ಇರಲಿ. ಇದನ್ನು ತಪ್ಪಿಸಲು ‘ಆಫೀಸರ್’, ‘ಎಕ್ಸಿಕ್ಯೂಟಿವ್’ ಎಂಬ ಹೆಸರು ಕೊಡುತ್ತಾರೆ. ಮೇಲ್ವಿಚಾರಣೆ, ಆಡಳಿತದ ಹುದ್ದೆಯವರಿಗೆ ಸಾಮಾನ್ಯವಾಗಿ ಓವರ್‌ಟೈಮ್ ಇಲ್ಲ ಎಂಬುದು ನಿಜ. ಆದರೆ ಹುದ್ದೆಯ ಹೆಸರಲ್ಲ, ಮಾಡುವ ಕೆಲಸದ ಸ್ವರೂಪ ಮುಖ್ಯ ಎಂದು ನ್ಯಾಯಾಲಯಗಳು ಮತ್ತೆಮತ್ತೆ ಹೇಳಿವೆ. ಕೇಸು ಹಾಕಲಿ ಎಂದು ಈ ಲೆಕ್ಕ ಹೇಳುತ್ತಿಲ್ಲ. 8 ಗಂಟೆಯ ಲ್ಯಾಬ್ ಕೆಲಸದ 22,000 ಮತ್ತು 12 ಗಂಟೆಯ ಪ್ಲಾಂಟ್ ಕೆಲಸದ 26,000, ಎರಡರಲ್ಲಿ ಯಾವುದು ಹೆಚ್ಚು ಎಂದು ಯೋಚಿಸುವಾಗ ಗಂಟೆಯಿಂದ ಭಾಗಿಸಿ ನೋಡಬೇಕು.

ಪ್ರೊಡಕ್ಷನ್‌ನಲ್ಲಿ ಇರುವವರು ಡೆವಲಪ್‌ಮೆಂಟಿಗೆ ಬರಬಹುದೇ? ಬರಬಹುದು, ಬರಬೇಕು ಕೂಡ. ಹೊಸ ಸರಕಿನ ಮೊದಲ ಮೂರು ವ್ಯಾಲಿಡೇಷನ್ ಬ್ಯಾಚುಗಳಿಗೆ ಹೈದರಾಬಾದಿನಿಂದ ಲ್ಯಾಬಿನ ವಿಧಾನವನ್ನು ಪ್ಲಾಂಟಿಗೆ ದಾಟಿಸುವ ಟೆಕ್ ಟ್ರಾನ್ಸ್‌ಫರ್ ತಂಡ ಬರುತ್ತದಲ್ಲ, ಆಗ ಅವರ ಜೊತೆ ನಿಂತು ಪ್ರತಿ ಬದಲಾವಣೆಯ ಕಾರಣ ಕೇಳುವುದು ಒಳ್ಳೆಯ ಪ್ರವೇಶ ಪರೀಕ್ಷೆ. ಡೀವಿಯೇಷನ್ (ಬ್ಯಾಚ್ ನಿಗದಿತ ದಾರಿ ತಪ್ಪಿದ) ವರದಿ ಬರೆಯಲು ಯಾರೂ ಮುಂದೆ ಬರುವುದಿಲ್ಲ. ಬರೆಯುವವನೇ ಕಾರಣ ಹುಡುಕುವುದನ್ನು ಕಲಿಯುತ್ತಾನೆ. ಇನ್ನೊಂದು ಬಲ ನಮ್ಮವರಿಗೆ ಹುಟ್ಟಿನಿಂದ ಬಂದದ್ದು: ಆಪರೇಟರ್ ಜೊತೆ ಕನ್ನಡ, ಟೆಕ್ನಿಷಿಯನ್ ಜೊತೆ ದಖನಿ, ಮೇಲಿನವರ ಜೊತೆ ತೆಲುಗು ಆಡುವ ಕೆಮಿಸ್ಟ್ ಪ್ಲಾಂಟಿನಲ್ಲಿ ಏನಾಯಿತು ಎಂಬ ನಿಜ ಸಂಗತಿ ಎಲ್ಲರಿಗಿಂತ ಮೊದಲು ತಿಳಿಯುತ್ತಾನೆ. ಅದನ್ನು ರೆಸ್ಯೂಮಿನಲ್ಲಿ ‘ಭಾಷೆಗಳು’ ಎಂಬ ಕೊನೆಯ ಸಾಲಿಗೆ ತಳ್ಳಬಾರದು. 371(ಜೆ) ಪ್ರಮಾಣಪತ್ರ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು, ಅದು ಸರಕಾರಿ ಹುದ್ದೆ ಮತ್ತು ಶಿಕ್ಷಣಕ್ಕೆ. ಖಾಸಗಿ ಕಾರ್ಖಾನೆಗೆ ಅನ್ವಯಿಸುವುದಿಲ್ಲ.

ಇಲ್ಲಿಂದ ಹೈದರಾಬಾದಿಗೆ ಹೋಗುವಾಗ ಎಚ್‌ಆರ್ ಕೇಳುವ ಮೊದಲ ಪ್ರಶ್ನೆ ಈಗಿನ ಸಂಬಳ ಎಷ್ಟು ಎಂಬುದು. ಅದರ ಮೇಲೆ ಶೇ. 20 ಅಥವಾ 30 ಹಾಕಿ ಮುಗಿಸುತ್ತಾರೆ. ಕಡಿಮೆಯಲ್ಲಿ ಶುರು ಮಾಡಿದವನು ಈ ಲೆಕ್ಕದಲ್ಲಿ ಜೀವನಪೂರ್ತಿ ಕಡಿಮೆಯಲ್ಲೇ ಉಳಿಯುತ್ತಾನೆ. ಸುಳ್ಳು ಹೇಳಲು ಬರುವುದಿಲ್ಲ, ಪೇಸ್ಲಿಪ್ ಕೇಳುತ್ತಾರೆ. ‘ಈಗಿನದು ಇಷ್ಟು, ಆದರೆ ನಾನು ಬರುತ್ತಿರುವುದು ಈ ಕೆಲಸಕ್ಕೆ, ಈ ಹುದ್ದೆಗೆ ನಿಮ್ಮಲ್ಲಿ ಎಷ್ಟರಿಂದ ಎಷ್ಟು?’ ಎಂದು ಕೇಳಬೇಕು. ಅದಕ್ಕೂ ಮುಂಚೆ ಅದೇ ಹುದ್ದೆಯಲ್ಲಿರುವ ಇಬ್ಬರು ಮೂವರು ಸೀನಿಯರುಗಳಿಂದ ನಿಜವಾದ ಅಂಕೆ ತಿಳಿದುಕೊಂಡಿರಬೇಕು. ಸಂಬಳ ಕೇಳುವುದು ಮರ್ಯಾದೆಯಲ್ಲ ಎಂಬ ನಮ್ಮ ಸಂಕೋಚದಿಂದ ಲಾಭ ಯಾರಿಗೆ ಎಂದು ಒಮ್ಮೆ ಯೋಚಿಸಬಹುದು.

ಬಾಂಡ್ ವಿಷಯದಲ್ಲಿ ಎರಡು ಕಡೆಯೂ ಅರ್ಧ ಸತ್ಯ ಹೇಳುತ್ತಾರೆ. ಬಿಟ್ಟು ಹೋದ ಮೇಲೆ ಇನ್ನೊಂದು ಕಂಪನಿಗೆ ಸೇರಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ಆದರೆ ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಕಟ್ಟಬೇಕು ಎಂಬ ಬಾಂಡ್ ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರಕಾರಿ ಬ್ಯಾಂಕೊಂದರ 2 ಲಕ್ಷ ರೂಪಾಯಿಯ ಅಂಥ ಷರತ್ತನ್ನು ಎತ್ತಿಹಿಡಿದಿದೆ. ಮೊತ್ತ, ಅವಧಿ, ಕೊಡುವ ತರಬೇತಿ ಏನು ಎಂದು ಓದದೆ ಸಹಿ ಬೇಡ. ಮೂಲ ಅಂಕಪಟ್ಟಿ ಯಾರಿಗೂ ಒಪ್ಪಿಸಬೇಡಿ, ತೋರಿಸಿ ವಾಪಸ್ ತನ್ನಿ.

ಬಿಡುವ ದಿನ ಬಂದಾಗ ಲ್ಯಾಬ್ ನೋಟ್‌ಬುಕ್ ಕಂಪನಿಯದು, ಅದರ ಫೋಟೋ ಕೂಡ ತೆಗೆಯಬಾರದು. ನಿಮ್ಮ ಹೆಸರು ಪೇಟೆಂಟ್ ಅರ್ಜಿಯಲ್ಲಿ ಇದ್ದರೆ ಪ್ರಕಟವಾದ ಮೇಲಿನ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ, ಅದು ಸಾರ್ವಜನಿಕ ದಾಖಲೆ. ಅನುಭವ ಪತ್ರದಲ್ಲಿ ‘ಕೆಮಿಸ್ಟ್’ ಎಂದಷ್ಟೇ ಬರೆಯದೆ ವಿಭಾಗದ ಹೆಸರು ಹಾಕಿಸಿಕೊಳ್ಳಬೇಕು, ಮುಂದಿನವರು ಹುಡುಕುವುದು ಅದನ್ನೇ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಕೊಡಬೇಕು. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕ ನಮೂದಾಗಿದೆಯೇ ಎಂದು ಉಮಂಗ್ ಆ್ಯಪಿನಲ್ಲಿ ನೋಡಿ. ಅದು ಖಾಲಿ ಇದ್ದರೆ ಹಳೆಯ ಖಾತೆಯ ದುಡ್ಡು ಹೊಸದಕ್ಕೆ ವರ್ಗವಾಗದೆ ನಿಲ್ಲುತ್ತದೆ.